ಮಲೆನಾಡಿಗೆ ಎಂಥ ಕೃಷಿ ವಿಸ್ತರಣೆ ಬೇಕು?

ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ಮಾತನಾಡದವರು ಈಗ ಮಲೆನಾಡಿನಲ್ಲಿ ಯಾರೂ ಇಲ್ಲ. ತೀರ್ಥಹಳ್ಳಿ, ಹೊಸನಗರ, ಶೃಂಗೇರಿ, ಕೊಪ್ಪ, ಕಳಸದ ಸೀಮೆಗಳಲ್ಲಿ ಸೋಗೆಯ ಮೇಲೆ ಚುಕ್ಕಿ ಮೂಡಿ, ಚುಕ್ಕಿಗಳು ಒಂದಕ್ಕೊಂದು ಕೂಡಿ, ಗರಿಗಳು ಸುಟ್ಟಂತಾಗಿ ಮರ ಸೊರಗುವುದನ್ನು ನಾವೆಲ್ಲ ಕಂಡಿದ್ದೇವೆ. ಸಭೆಗಳು ನಡೆದಿವೆ, ಮನವಿಗಳು ಹೋಗಿವೆ, ತಜ್ಞರ ತಂಡಗಳು ಬಂದು ನೋಡಿ ಹಿಂದಿರುಗಿವೆ. ಆದರೆ ಚರ್ಚೆಯೆಲ್ಲ ಎರಡೇ ವಿಷಯಗಳ ಸುತ್ತ ಸುತ್ತುತ್ತಿದೆ: ಯಾವ ಔಷಧಿ, ಎಷ್ಟು ಪರಿಹಾರ. ಇವೆರಡೂ ಮುಖ್ಯವೇ, ನಿಜ. ಇವುಗಳ ಹಿಂದೆ ಮೂರನೆಯ ಪ್ರಶ್ನೆಯೊಂದು ಉಳಿದುಬಿಟ್ಟಿದೆ. ಸೋಗೆಯ ಮೇಲೆ ಮೊದಲ ಚುಕ್ಕಿ ಕಂಡ ದಿನ ನಮ್ಮ ರೈತ ಯಾರನ್ನು ಕೇಳಿದ? ಅವನಿಗೆ ಉತ್ತರ ದೊರೆತದ್ದು ಎಷ್ಟು ದಿನಗಳ ಮೇಲೆ? ಆ ಉತ್ತರ ಅವನ ತೋಟವನ್ನು ನೋಡಿ ಕೊಟ್ಟದ್ದೇ, ಅಥವಾ ಎಲ್ಲರಿಗೂ ಹಂಚಿದ ಕರಪತ್ರದ್ದೇ?

ಪೇಟೆಯ ಔಷಧಿ ಅಂಗಡಿಯನ್ನು ಕೇಳಿದವರೇ ಹೆಚ್ಚು ಎಂಬುದು ಎಲ್ಲರೂ ಬಲ್ಲ ಸಂಗತಿ. ಈ ಲೇಖನದ ಕಾಳಜಿ ಅಲ್ಲಿಂದಲೇ ಹೊರಡುತ್ತದೆ.

ಸಂಶೋಧನೆಯ ತಿಳಿವಳಿಕೆಯನ್ನು ರೈತರಿಗೆ ಮುಟ್ಟಿಸುವ ಕೆಲಸಕ್ಕೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ 'ವಿಸ್ತರಣೆ' ಎಂದು ಹೆಸರು. ಅದೊಂದು ಪ್ರತ್ಯೇಕ ಶಾಸ್ತ್ರವಾಗಿಯೇ ಬೆಳೆದಿದೆ, ಅದರಲ್ಲಿ ಸ್ನಾತಕೋತ್ತರ ಪದವಿಗಳಿವೆ, ಡಾಕ್ಟರೇಟುಗಳಿವೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 1979ರಲ್ಲಿ 'ಪ್ರಯೋಗಾಲಯದಿಂದ ಹೊಲಕ್ಕೆ' ಎಂಬ ಕಾರ್ಯಕ್ರಮವನ್ನೇ ಆರಂಭಿಸಿತು. ಆ ಹೆಸರನ್ನು ಒಮ್ಮೆ ನಿಧಾನವಾಗಿ ಓದಿ ನೋಡಬೇಕು. ಹೊರಡುವ ಜಾಗ ಪ್ರಯೋಗಾಲಯ, ತಲುಪುವ ಜಾಗ ಹೊಲ. ಹೊಲದಿಂದ ಹಿಂದಿರುಗುವ ದಾರಿಯ ಸುಳಿವು ಆ ಹೆಸರಿನಲ್ಲಿಲ್ಲ. ನಮ್ಮ ವಿಸ್ತರಣಾ ವ್ಯವಸ್ಥೆಯ ಬಹುಪಾಲು ದೋಷಗಳು ಈ ಇಲ್ಲದ ದಾರಿಯಿಂದ ಹುಟ್ಟಿದವು ಎಂಬುದು ನನ್ನ ಅಭಿಪ್ರಾಯ.

ಸೋಜಿಗವೆಂದರೆ, ನೂರು ವರ್ಷಗಳ ಹಿಂದೆ ಮಲೆನಾಡಿನಲ್ಲಿ ಈ ಕೆಲಸ ಆರಂಭವಾದದ್ದು ಎದುರು ದಿಕ್ಕಿನಿಂದ. ಕೆನಡಾ ದೇಶದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಬೆಳೆಗಳ ಕೀಟ ಮತ್ತು ಶಿಲೀಂಧ್ರಗಳ ಅಧ್ಯಯನ ಅವರ ಹೊಣೆಯಾಗಿತ್ತು. ಮುಂದೆ ಅವರೇ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. ಮಳೆಗಾಲದಲ್ಲಿ ಎಳೆಯ ಅಡಿಕೆ ಕೊಳೆತು ಉದುರುವ ಪೀಡೆಯನ್ನು ಮಲೆನಾಡಿನವರು ಕೊಳೆರೋಗ ಎಂದು ಕರೆಯುತ್ತಿದ್ದರು. ಅಡಿಕೆ ಹಾಳೆಯ ಕೊಟ್ಟೆ ಮಾಡಿ ಕೊನೆಗಳಿಗೆ ಕಟ್ಟಿ, ಮಳೆಯ ನೀರು ಕಾಯಿಗೆ ತಾಗದಂತೆ ಕಾಪಾಡುವ ವಿದ್ಯೆ ಅವರಲ್ಲಿತ್ತು. ಕೋಲ್ಮನ್ ಈ ರೋಗದ ಬಗ್ಗೆ 1910ರಲ್ಲಿ ಪ್ರಕಟಿಸಿದ ವರದಿಯ ಶೀರ್ಷಿಕೆಯಲ್ಲೇ 'ಕೊಳೆರೋಗ' ಎಂಬ ಪದವಿದೆ. ಮಲೆನಾಡಿನ ತೋಟಗಳಲ್ಲಿ ಹುಟ್ಟಿದ ಆ ಮಾತು ಇಂದಿಗೂ ಜಗತ್ತಿನ ಸಸ್ಯರೋಗಶಾಸ್ತ್ರದ ಗ್ರಂಥಗಳಲ್ಲಿ ಬಳಕೆಯಲ್ಲಿದೆ. ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ ಬಂದ ಬೋರ್ಡೋ ದ್ರಾವಣ ನಮ್ಮ ಜಡಿಮಳೆಗೆ ತೊಳೆದುಹೋಗುತ್ತದೆ ಎಂಬ ತೊಡಕು ಎದುರಾದಾಗ, ಅದು ಕಾಯಿಗೆ ಅಂಟಿ ನಿಲ್ಲುವಂತೆ ರಾಳ ಮತ್ತು ಸೋಡಾ ಬೆರೆಸುವ ಉಪಾಯ ಬಂತು. ಕೊಟ್ಟೆ ಕಟ್ಟಲು ಮರವೇರುತ್ತಿದ್ದವರ ಕೈಗೇ ಔಷಧಿಯ ಪಂಪಿನ ಕೊಳವೆಯೂ ಬಂತು. ಇದು ವಸಾಹತು ಕಾಲದ ಆಡಳಿತವನ್ನು ಹೊಗಳುವ ಮಾತಲ್ಲ. ವಿಜ್ಞಾನಿಯೊಬ್ಬ ರೈತರ ಮಾತನ್ನು ತನ್ನ ವರದಿಗೆ ತಂದುಕೊಂಡ, ರೈತರ ಕೊಟ್ಟೆ ಕೊಟ್ಟ ಸುಳಿವಿನ ಹಾದಿಯಲ್ಲೇ ಮದ್ದನ್ನೂ ಕಂಡುಕೊಂಡ ಎಂಬುದಷ್ಟೇ ಇಲ್ಲಿ ಪ್ರಸ್ತುತ. ಆ ಮದ್ದು ನೂರು ವರ್ಷ ದಾಟಿ ಇಂದಿಗೂ ನಮ್ಮ ತೋಟಗಳಲ್ಲಿ ಉಳಿದಿದೆ.

ಸ್ವಾತಂತ್ರ್ಯಾನಂತರದ ಇತಿಹಾಸವನ್ನು ಇಲ್ಲಿ ಚುಟುಕಾಗಿ ನೆನೆಯಬಹುದು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ, ಮರುವರ್ಷ ರಾಷ್ಟ್ರೀಯ ವಿಸ್ತರಣಾ ಸೇವೆ ಆರಂಭವಾದವು. ಹಳ್ಳಿಗಳಿಗೆ ಗ್ರಾಮಸೇವಕರು ಬಂದರು. ಅವರಿಗೆ ಕೃಷಿಯ ಜೊತೆಗೆ ಬಾವಿ, ಕಕ್ಕಸು, ಶಾಲೆ, ಹಸು ಎಲ್ಲವೂ ಹೊಣೆಯೇ ಆಗಿದ್ದವು. ಅದು ದೋಷವೆಂದು 1970ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನೊಂದಿಗೆ 'ತರಬೇತಿ ಮತ್ತು ಭೇಟಿ' ಪದ್ಧತಿ ಜಾರಿಯಾಯಿತು. ಕಾರ್ಯಕರ್ತ ಹದಿನೈದು ದಿನಕ್ಕೊಮ್ಮೆ ಗೊತ್ತುಪಡಿಸಿದ ದಿನ ಬರಬೇಕು, ಆಯ್ದ ಕೆಲವು 'ಸಂಪರ್ಕ ರೈತ'ರಿಗೆ ಸಂದೇಶ ಹೇಳಬೇಕು, ಅವರು ಉಳಿದವರಿಗೆ ಹೇಳಬೇಕು. ಒಂದೇ ನೀರು, ಒಂದೇ ಮಣ್ಣು, ಒಂದೇ ಬೆಳೆಯಿರುವ ನೀರಾವರಿ ಬಯಲಿಗೆ ಈ ಪದ್ಧತಿ ಒಪ್ಪುವಂಥದ್ದು. ಭತ್ತ, ಗೋಧಿಯ ಹೊಸ ತಳಿಗಳು ಅಲ್ಲಿ ವೇಗವಾಗಿ ಹರಡಲು ಅದು ನೆರವಾಯಿತೆಂಬುದನ್ನು ಅಲ್ಲಗಳೆಯಲಾಗದು. ಬೆಟ್ಟದ ನಾಡಿಗೆ ಅದೇ ಅಳತೆಯ ಅಂಗಿ ಹೊಲಿದದ್ದು ಮಾತ್ರ ವಿಪರ್ಯಾಸ. ವಿಶ್ವಬ್ಯಾಂಕಿನ ಹಣ ನಿಂತ ಮೇಲೆ ಭೇಟಿಯೂ ನಿಂತಿತು. 2000ನೇ ಇಸವಿಯ ಸುಮಾರಿಗೆ ನಮ್ಮ ರಾಜ್ಯದಲ್ಲಿ ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಬಂತು. ಈಗ ಅಧಿಕಾರಿ ಹಳ್ಳಿಗೆ ಬರುವ ಬದಲು ರೈತ ಹೋಬಳಿಗೆ ಹೋಗುತ್ತಾನೆ. ಹೆಚ್ಚಾಗಿ ಹೋಗುವುದು ಬಿತ್ತನೆ ಬೀಜಕ್ಕೆ, ರಿಯಾಯಿತಿಯ ಟಾರ್ಪಾಲಿಗೆ, ಸ್ಪ್ರಿಂಕ್ಲರ್ ಪೈಪಿಗೆ. ಪ್ರಶ್ನೆ ಕೇಳಲು ಹೋಗುವವರು ಎಷ್ಟು ಮಂದಿ?

ಅಲ್ಲಿನ ಸಿಬ್ಬಂದಿಯನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಎಷ್ಟೋ ಹುದ್ದೆಗಳು ಖಾಲಿ ಬಿದ್ದಿರುವಾಗ, ಇರುವ ಒಬ್ಬಿಬ್ಬರು ಫಲಾನುಭವಿಗಳ ಪಟ್ಟಿ, ಬೆಳೆ ಸಮೀಕ್ಷೆ, ಬೆಳೆ ವಿಮೆ, ಆಧಾರ್ ಜೋಡಣೆ ಎಂದು ದಿನಗಳನ್ನು ಕಳೆಯುತ್ತಾರೆ. ವರ್ಷದ ಕೊನೆಗೆ ಅವರ ಕೆಲಸವನ್ನು ಅಳೆಯುವುದು ಎಷ್ಟು ಅನುದಾನ ಖರ್ಚಾಯಿತು ಎಂಬುದರಿಂದ. ಎಷ್ಟು ಪ್ರಶ್ನೆಗಳಿಗೆ ಉತ್ತರ ಸಿಕ್ಕಿತೆಂದು ಕೇಳುವ ಒಂದು ಅಂಕಣವಾದರೂ ಆ ವರದಿಯ ನಮೂನೆಯಲ್ಲಿ ಇಲ್ಲ. ಕೇಳದಿರುವುದಕ್ಕೆ ಯಾರು ತಾನೇ ಲೆಕ್ಕ ಇಡುತ್ತಾರೆ?

ರಾಷ್ಟ್ರೀಯ ಮಾದರಿ ಸಮೀಕ್ಷೆ ಸಂಸ್ಥೆ 2003ರಲ್ಲಿ ದೇಶದ ರೈತ ಕುಟುಂಬಗಳನ್ನು ಈ ಬಗ್ಗೆ ವಿಚಾರಿಸಿತ್ತು. ಹೊಸ ತಾಂತ್ರಿಕ ಮಾಹಿತಿಯನ್ನು ಯಾವುದಾದರೊಂದು ಮೂಲದಿಂದ ಪಡೆದಿದ್ದವರು ಸುಮಾರು ಶೇ. 40 ಮಾತ್ರ. ಇತರ ಪ್ರಗತಿಪರ ರೈತರಿಂದ ಪಡೆದವರು ಶೇ. 16.7, ಗೊಬ್ಬರ-ಔಷಧಿ ಮಾರಾಟಗಾರರಿಂದ ಶೇ. 13.1, ರೇಡಿಯೋದಿಂದ ಶೇ. 13. ಸರ್ಕಾರದ ವಿಸ್ತರಣಾ ಕಾರ್ಯಕರ್ತರಿಂದ ಶೇ. 5.7, ಕೃಷಿ ವಿಜ್ಞಾನ ಕೇಂದ್ರಗಳಿಂದ ಶೇ. 0.7. ಈ ಅಂಕಿಗಳು ಹಳೆಯವು. ಆಮೇಲೆ ಮೊಬೈಲ್ ಬಂದಿದೆ, 2004ರಲ್ಲಿ ಕಿಸಾನ್ ಕಾಲ್ ಸೆಂಟರ್ ಬಂದಿದೆ, ವಾಟ್ಸ್‌ಆ್ಯಪ್ ಗುಂಪುಗಳು ಬಂದಿವೆ. ಆದರೂ ಪಕ್ಕದ ತೋಟದವರ ಮಾತಿಗೆ ಮೊದಲ ಸ್ಥಾನ, ಅಂಗಡಿಯವರ ಮಾತಿಗೆ ಎರಡನೆಯ ಸ್ಥಾನ ಎಂಬ ಕ್ರಮ ನಮ್ಮ ಊರುಗಳಲ್ಲಿ ಬದಲಾಗಿದೆಯೇ ಎಂದು ಓದುಗರೇ ಯೋಚಿಸಲಿ.

ಅಂಗಡಿಯವರೂ ನಮ್ಮವರೇ. ಸಾಲ ಕೊಡುತ್ತಾರೆ, ಭಾನುವಾರವೂ ಬಾಗಿಲು ತೆರೆದಿರುತ್ತಾರೆ, ಪ್ರಶ್ನೆ ಕೇಳಿದರೆ ಒಡನೆ ಉತ್ತರ ಹೇಳುತ್ತಾರೆ. ವಿಸ್ತರಣಾ ಶಾಸ್ತ್ರದ ಪುಸ್ತಕಗಳು ಹೇಳುವ ಒಳ್ಳೆಯ ಕಾರ್ಯಕರ್ತನ ಲಕ್ಷಣಗಳೆಲ್ಲ ಅವರಲ್ಲಿವೆ. ಉತ್ತರ ಯಾವಾಗಲೂ ಒಂದು ಬಾಟಲಿಯೊಳಗಿರುತ್ತದೆ ಎಂಬುದೊಂದೇ ಕೊರತೆ. ಹೈದರಾಬಾದಿನ 'ಮ್ಯಾನೇಜ್' ಸಂಸ್ಥೆ 2003ರಲ್ಲಿಯೇ ಪರಿಕರ ಮಾರಾಟಗಾರರಿಗೆ ಡಿಪ್ಲೊಮಾ ಶಿಕ್ಷಣವನ್ನು ಆರಂಭಿಸಿತು; ಅದು ಒಳ್ಳೆಯ ಕೆಲಸ. ಆದರೆ ಸಿಂಪಡಣೆಯೇ ಬೇಡ ಎಂಬ ಸಲಹೆಯಿಂದ ಯಾವ ಅಂಗಡಿಯ ಬಾಡಿಗೆಯೂ ಹುಟ್ಟುವುದಿಲ್ಲ. ಎಲೆಚುಕ್ಕಿಯ ಹೆಸರಿನಲ್ಲಿ ಎರಡು ಮೂರು ಶಿಲೀಂಧ್ರನಾಶಕಗಳನ್ನು ಒಟ್ಟಿಗೆ ಬೆರೆಸಿ, ಅದಕ್ಕೊಂದು ಕೀಟನಾಶಕ, ಒಂದು 'ಟಾನಿಕ್' ಸೇರಿಸಿ ಹೊಡೆಯುವ ರೂಢಿ ಹಬ್ಬುತ್ತಿದೆ. ತೋಟದ ಬಸಿಗಾಲುವೆಯ ನೀರು ಹಳ್ಳಕ್ಕೆ, ಹಳ್ಳದ್ದು ಹೊಳೆಗೆ. ತುಂಗೆಯನ್ನೂ ಶರಾವತಿಯನ್ನೂ ಉಳಿಸಲು ಹೊರಟ ನಮ್ಮಂಥವರಿಗೆ ಕೃಷಿ ವಿಸ್ತರಣೆ ಬೇರೆ ಇಲಾಖೆಯ ವಿಷಯವಾಗಲಾರದು. ತಪ್ಪು ಸಲಹೆಯೂ ಒಂದು ಮಾಲಿನ್ಯವೇ.

ಬೆಟ್ಟದ ನಾಡಿನಲ್ಲಿ ಸಲಹೆ ಏಕೆ ಇಷ್ಟು ಕಷ್ಟ? ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ. ಅದೇ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದಲ್ಲಿ ಸಾವಿರದ ಆಸುಪಾಸು. ಎರಡೂ ಕಡೆ ಅಡಿಕೆ ಬೆಳೆಯುತ್ತಾರೆ, ಎರಡಕ್ಕೂ ಒಂದೇ ಶಿಫಾರಸು: ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ 12 ಕಿಲೋ ಸೊಪ್ಪು ಮತ್ತು 12 ಕಿಲೋ ಗೊಬ್ಬರ. ಸರಾಸರಿಯ ಲೆಕ್ಕಕ್ಕೆ ಇದು ಸರಿಯೇ. ಆದರೆ 7,000 ಮಿಲಿಮೀಟರ್ ಮಳೆ ಪೊಟ್ಯಾಷನ್ನು ತೊಳೆದೊಯ್ಯುವ ರೀತಿಯೇ ಬೇರೆ. ಮಳೆಗೆ ಮುನ್ನ ಎಷ್ಟು, ಮಳೆಯ ನಂತರ ಎಷ್ಟು ಎಂಬುದನ್ನು ಕಣಿವೆಯ ಮಟ್ಟದಲ್ಲಿ ತೀರ್ಮಾನಿಸಬೇಕು, ಜಿಲ್ಲೆಯ ಮಟ್ಟದಲ್ಲಲ್ಲ.

ಮಣ್ಣು ಆರೋಗ್ಯ ಕಾರ್ಡಿನ ಕಥೆ ಇದಕ್ಕಿಂತ ಸ್ವಾರಸ್ಯವಾದದ್ದು. 2015ರ ಫೆಬ್ರವರಿಯಲ್ಲಿ ದೇಶದಾದ್ಯಂತ ಆರಂಭವಾದ ಈ ಯೋಜನೆಯ ನಿಯಮದಂತೆ ನೀರಾವರಿ ಪ್ರದೇಶದಲ್ಲಿ 2.5 ಹೆಕ್ಟೇರಿಗೆ ಒಂದು, ಮಳೆಯಾಶ್ರಿತ ಪ್ರದೇಶದಲ್ಲಿ 10 ಹೆಕ್ಟೇರಿಗೆ ಒಂದು ಮಣ್ಣಿನ ಮಾದರಿ. ಹತ್ತು ಹೆಕ್ಟೇರು ಎಂದರೆ ಸುಮಾರು 25 ಎಕರೆ. ಬಯಲುಸೀಮೆಯ ಜೋಳದ ಹೊಲಕ್ಕೆ ಇದು ಸಾಕಾದೀತು. ನಮ್ಮಲ್ಲಿ 25 ಎಕರೆಯ ಚೌಕದೊಳಗೆ ನೆತ್ತಿಯಲ್ಲಿ ಬೆಟ್ಟ, ಇಳಿಜಾರಿನಲ್ಲಿ ಬ್ಯಾಣ, ಕೆಳಗೆ ತೋಟ, ತಳದಲ್ಲಿ ಗದ್ದೆ, ನಡುವೆ ಒಂದು ಹಳ್ಳ, ಆರೇಳು ಮನೆಗಳ ಹಿಡುವಳಿ ಎಲ್ಲವೂ ಇರುತ್ತವೆ. ಮಾದರಿಯನ್ನು ಎಲ್ಲಿಂದ ತೆಗೆದರು? ಗದ್ದೆಯ ಜೌಗು ಮಣ್ಣಿನದೋ, ಶತಮಾನಗಳಿಂದ ಸೊಪ್ಪು ತಿಂದು ಕಪ್ಪಾದ ತೋಟದ ಮಣ್ಣಿನದೋ, ಜಂಬಿಟ್ಟಿಗೆಯದೋ? ಕಾರ್ಡು ಮಾತ್ರ ಎಲ್ಲರ ಮನೆಗೂ ಬಂತು. ಬಂದ ಕಾರ್ಡನ್ನು ಓದಿ ಹೇಳುವವರು ಬರಲಿಲ್ಲ.

ಇನ್ನು ಕಚೇರಿಗಳ ವಿಚಾರ. ಮಲೆನಾಡಿನ ಸಣ್ಣ ಹಿಡುವಳಿಯೊಂದನ್ನು ತೆಗೆದುಕೊಳ್ಳೋಣ: ಎರಡೆಕರೆ ತೋಟ, ಒಂದೆಕರೆ ಗದ್ದೆ. ಗದ್ದೆಯ ಭತ್ತ ಕೃಷಿ ಇಲಾಖೆಗೆ ಸೇರಿದ್ದು. ಗದ್ದೆಯ ಅಂಚು ದಾಟಿದರೆ ಅಡಿಕೆ, ಬಾಳೆ ತೋಟಗಾರಿಕೆ ಇಲಾಖೆಗೆ. ಅಡಿಕೆಯ ನಡುವೆ ಏಲಕ್ಕಿ ಇದ್ದರೆ ಅದಕ್ಕೆ ಸಾಂಬಾರ ಮಂಡಳಿ. ಮೇಲಿನ ಇಳಿಜಾರಿನಲ್ಲಿ ನಾಲ್ಕು ಸಾಲು ಕಾಫಿ ಹಾಕಿದ್ದರೆ ಕಾಫಿ ಮಂಡಳಿ. ಕೊಟ್ಟಿಗೆಯ ಎರಡು ಹಸುಗಳಿಗೆ ಪಶುಪಾಲನಾ ಇಲಾಖೆ. ಸಂಶೋಧನೆಯೂ ಹೀಗೆಯೇ ಹರಿದು ಹಂಚಿಹೋಗಿದೆ: ಅಡಿಕೆಗೆ ವಿಟ್ಲ, ಕಾಫಿಗೆ ಬಾಳೆಹೊನ್ನೂರು, ಏಲಕ್ಕಿಗೆ ಕೊಡಗಿನ ಅಪ್ಪಂಗಳ. ಪ್ರತಿಯೊಂದೂ ತನ್ನ ಬೆಳೆಯ ಬಗ್ಗೆ ಬಲ್ಲದ್ದು, ಒಳ್ಳೆಯ ಕೆಲಸ ಮಾಡಿರುವಂಥದ್ದು. ಆದರೆ ಅಡಿಕೆಯ ನೆರಳು, ಮೆಣಸಿನ ಬಳ್ಳಿಯ ಸೊರಗು, ಬಾಳೆಯ ನೀರು, ಹಸುವಿನ ಸಗಣಿ ಇವೆಲ್ಲ ಒಂದೇ ಅಂಗಳದ ಸಂಸಾರ. ಅಡಿಕೆಗೆ ಹೊಡೆದ ಬೋರ್ಡೋ ಕೆಳಗಿನ ಮೆಣಸಿಗೂ ಬೀಳುತ್ತದೆ, ವರ್ಷವರ್ಷವೂ ಬಿದ್ದ ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ. ಈ ಇಡೀ ಸಂಸಾರಕ್ಕೆ ಸಲಹೆ ಕೊಡುವ ಕಚೇರಿ ಎಲ್ಲಿದೆ?

ಅದಕ್ಕಿಂತ ದೊಡ್ಡ ಅನಾಥ ಸೊಪ್ಪಿನಬೆಟ್ಟ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟದ ಸೌಲಭ್ಯ ಕೊಟ್ಟಿದ್ದುಂಟು. ಹಿಂದಿನವರಿಗೆ ತೋಟದ ಬೇರು ಬೆಟ್ಟದಲ್ಲಿದೆ ಎಂಬುದು ಗೊತ್ತಿತ್ತು. ಇಂದು ಬೆಟ್ಟ ಅರಣ್ಯ ಇಲಾಖೆಯ ಕಣ್ಣಿಗೆ ವಿವಾದದ ಭೂಮಿ, ತೋಟಗಾರಿಕೆ ಇಲಾಖೆಯ ಕಣ್ಣಿಗೆ ಬೀಳದ ಭೂಮಿ. ಯಾವ ಮರವನ್ನು ಎಷ್ಟು ವರ್ಷಕ್ಕೊಮ್ಮೆ ಸವರಬೇಕು, ಎಷ್ಟು ಎತ್ತರದಲ್ಲಿ ಕಡಿದರೆ ಮತ್ತೆ ಚಿಗುರುತ್ತದೆ, ತರಗೆಲೆ ಪೂರಾ ಬಾಚಿದರೆ ಕೆಳಗಿನ ಒರತೆಗೆ ಏನಾಗುತ್ತದೆ ಎಂದು ಹೇಳಿಕೊಡುವ ಒಂದು ತರಬೇತಿಯನ್ನೂ ನಾನು ಕಂಡಿಲ್ಲ. ನೀರು, ಕಾಡು, ಬೆಳೆ ಮೂರೂ ಕೂಡುವ ಜಾಗದಲ್ಲಿಯೇ ವಿಸ್ತರಣೆ ಮೌನವಾಗಿದೆ.

ಇನ್ನು, ಸಲಹೆ ಯಾರಿಗೆ ಎಂಬ ಪ್ರಶ್ನೆ. ಇಲಾಖೆಯ ದಾಖಲೆಯಲ್ಲಿ ರೈತ ಎಂದರೆ ಪಹಣಿಯಲ್ಲಿ ಹೆಸರಿರುವವನು. ತೋಟದ ನೆತ್ತಿಯನ್ನು ನೋಡುವವರು ಯಾರು? ಐವತ್ತು ಅಡಿ ಎತ್ತರದಲ್ಲಿ ಸುಳಿಯ ಪಕ್ಕ ನಿಂತು, ಯಾವ ಮರದ ಎಷ್ಟನೆಯ ಸೋಗೆಯಲ್ಲಿ ಚುಕ್ಕಿ ಇದೆ, ಯಾವ ಕೊನೆಯ ಬುಡದಲ್ಲಿ ಕೊಳೆ ಶುರುವಾಗಿದೆ ಎಂಬುದನ್ನು ಯಜಮಾನನಿಗಿಂತ ವಾರ ಮುಂಚೆ ಕಾಣುವವರು ಕೊನೆಗಾರರು. ಔಷಧಿ ಹೊಡೆಯುವವರೂ ಅವರೇ, ಅದನ್ನು ಉಸಿರಾಡುವವರೂ ಅವರೇ. ವಿಚಾರಗೋಷ್ಠಿಗಳ ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರಿರುವುದಿಲ್ಲ, ಸಭೆ ನಡೆಯುವ ಹೊತ್ತಿನಲ್ಲಿ ಅವರು ಮರದ ಮೇಲಿರುತ್ತಾರೆ. ಬೋರ್ಡೋ ದ್ರಾವಣದ ವಿಷಯವನ್ನೇ ನೋಡಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬುದು ಎಲ್ಲರಿಗೂ ಬಾಯಿಪಾಠ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಸುಣ್ಣವನ್ನು ಮೈಲುತುತ್ತಕ್ಕಲ್ಲ; ಶುಭ್ರವಾದ ಕಬ್ಬಿಣದ ಚೂರಿಯನ್ನು ಅದ್ದಿದಾಗ ಕೆಂಪು ಲೇಪ ಕೂತರೆ ಸುಣ್ಣ ಸಾಲದು ಎಂದರ್ಥ; ಅಂದು ಮಾಡಿದ್ದನ್ನು ಅಂದೇ ಹೊಡೆದು ಮುಗಿಸಬೇಕು. ಈ ಮೂರು ಮಾತುಗಳು ಯಜಮಾನನ ನೋಟ್ ಪುಸ್ತಕದಲ್ಲಿದ್ದು, ಡ್ರಮ್ಮಿನ ಬಳಿ ನಿಂತವರಿಗೆ ತಿಳಿಯದಿದ್ದರೆ ಏನು ಫಲ? ಸುಣ್ಣ ಹಳತಾಗಿ ಸತ್ವ ಕಳೆದುಕೊಂಡಿದ್ದರೆ, ಕೊಳೆ ನಿಲ್ಲದಿದ್ದಾಗ 'ಬೋರ್ಡೋ ಈಗ ಕೆಲಸ ಮಾಡುವುದಿಲ್ಲ' ಎಂಬ ಮಾತು ಹುಟ್ಟುತ್ತದೆ. ಅದರ ಹಿಂದೆಯೇ ಬೆಲೆಬಾಳುವ ಬಾಟಲಿ ಬರುತ್ತದೆ.

ಮನೆಯ ಹೆಂಗಸರ ಮಾತೂ ಇದೇ. ಅಡಿಕೆ ಸುಲಿಯುವುದು, ಮೆಣಸು ಬಿಡಿಸಿ ಒಣಗಿಸುವುದು, ಸಸಿಯ ಕೊಟ್ಟೆಗೆ ಮಣ್ಣು ತುಂಬುವುದು, ಕೊಟ್ಟಿಗೆಯ ಗೊಬ್ಬರ ಎಲ್ಲವೂ ಅವರ ಕೈಯಲ್ಲಿ. 2023ರಲ್ಲಿ ರೂಪುಗೊಂಡ ಕೃಷಿ ಸಖಿ ಕಾರ್ಯಕ್ರಮ, ಸ್ವಸಹಾಯ ಸಂಘಗಳ ಮಹಿಳೆಯರಿಗೆ ತರಬೇತಿ ಕೊಟ್ಟು ಊರಿನಲ್ಲೇ ನೆಲೆಸಿರುವ ಸಲಹೆಗಾರ್ತಿಯರನ್ನಾಗಿಸುವ ಯತ್ನ. ಮೊದಲ ಹಂತದ 12 ರಾಜ್ಯಗಳಲ್ಲಿ ಕರ್ನಾಟಕವೂ ಇದೆ. ಮಲೆನಾಡಿಗೆ ಹೊಂದುವಂಥ ವಿಚಾರ ಇದು. ಮಳೆಗಾಲದಲ್ಲಿ ಸಂಕ ದಾಟಿ ಬರಬೇಕಾದ ಅಧಿಕಾರಿಗಿಂತ ಅದೇ ದಡದಲ್ಲಿರುವ ಅಕ್ಕ ಹೆಚ್ಚು ಉಪಯುಕ್ತಳು. ಆದರೆ ಆಕೆಯನ್ನೂ ಅರ್ಜಿ ತುಂಬುವ ಕೆಲಸಕ್ಕೆ ಹಚ್ಚಿದರೆ ಇನ್ನೊಬ್ಬ ಗ್ರಾಮಸೇವಕಿ ಸಿಕ್ಕಂತಾಯಿತು, ಅಷ್ಟೇ.

ಸರ್ಕಾರದ ಹೊರಗೆ ಏನಾಗಿದೆ ಎಂಬುದನ್ನೂ ಗಮನಿಸಬೇಕು. ಪುತ್ತೂರಿನಿಂದ 1988ರಲ್ಲಿ ಹೊರಬರತೊಡಗಿದ 'ಅಡಿಕೆ ಪತ್ರಿಕೆ', 'ಕೃಷಿಕರ ಕೈಗೆ ಲೇಖನಿ' ಎಂಬ ಧ್ಯೇಯದಿಂದ ರೈತರೇ ರೈತರಿಗಾಗಿ ಬರೆಯುವ ದಾರಿ ತೆರೆಯಿತು. ಅಲ್ಲಿ ವಿಫಲವಾದ ಪ್ರಯೋಗಕ್ಕೂ ಜಾಗವಿತ್ತು, ಬೆಲೆ ಎಷ್ಟು ಬಿತ್ತು ಎಂಬುದಕ್ಕೂ ಜಾಗವಿತ್ತು. ಈಚೆಗೆ ಕಾರ್ಬನ್ ಫೈಬರ್ ದೋಟಿ ನಮ್ಮ ತೋಟಗಳಿಗೆ ಬಂದದ್ದೂ ಬಹುಮಟ್ಟಿಗೆ ಒಬ್ಬ ರೈತನ ತೋಟದಲ್ಲಿ ಇನ್ನೊಬ್ಬ ನೋಡಿ. ಇಂಡೋನೇಷ್ಯಾದಲ್ಲಿ 1989ರಲ್ಲಿ ಭತ್ತದ ಕೀಟ ನಿರ್ವಹಣೆಗಾಗಿ ಆರಂಭವಾದ 'ರೈತ ಕ್ಷೇತ್ರ ಪಾಠಶಾಲೆ'ಗಳ ತಿರುಳೂ ಇದೇ: ಇಪ್ಪತ್ತೈದು ಮೂವತ್ತು ಮಂದಿ ಇಡೀ ಒಂದು ಹಂಗಾಮು ವಾರವಾರವೂ ಒಂದೇ ಗದ್ದೆಯಲ್ಲಿ ಸೇರಿ, ಕೀಟಗಳನ್ನೂ ಅವನ್ನು ತಿನ್ನುವ ಜೇಡಗಳನ್ನೂ ಎಣಿಸಿ, ಸಿಂಪಡಿಸಬೇಕೋ ಬೇಡವೋ ಎಂದು ತಾವೇ ತೀರ್ಮಾನಿಸುವುದು. ನಮ್ಮಲ್ಲಿ ಕ್ಷೇತ್ರ ಪಾಠಶಾಲೆ ಎಂದರೆ ಒಂದು ಮಧ್ಯಾಹ್ನದ ಭಾಷಣ, ಒಂದು ಬ್ಯಾನರ್, ಗುಂಪು ಚಿತ್ರ ಎಂಬಂತಾಗಿದೆ.

ಹಾಗಾದರೆ ಮಾಡಬೇಕಾದದ್ದೇನು? ಹೊಸ ಇಲಾಖೆ ಬೇಡ, ಹೊಸ ಕಟ್ಟಡವಂತೂ ಬೇಡವೇ ಬೇಡ. ನನ್ನ ಸೂಚನೆ ಸರಳವಾದದ್ದು. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಒಂದು ಪ್ರಶ್ನೆ ಪುಸ್ತಕ ಇರಲಿ. ಪಂಚಾಯಿತಿ ಕಚೇರಿಗಿಂತ ಸೊಸೈಟಿಯಲ್ಲೋ ಹಾಲಿನ ಡೈರಿಯಲ್ಲೋ ಇಟ್ಟರೆ ಮೇಲು. ಗೊಬ್ಬರಕ್ಕೆ, ಹಾಲು ಹಾಕಲಿಕ್ಕೆ ಎಲ್ಲ ಜಾತಿ, ಎಲ್ಲ ಹಿಡುವಳಿಯವರೂ ಅಲ್ಲಿಗೆ ಬರುತ್ತಾರೆ. ದಿನಾಂಕ, ಊರು, ಬೆಳೆ, ಕಂಡದ್ದೇನು, ಈಗಾಗಲೇ ಮಾಡಿದ್ದೇನು ಎಂಬಷ್ಟನ್ನು ಬರೆಯಬೇಕು. ಬರೆಯಲಾರದವರ ಪರವಾಗಿ ಕೃಷಿ ಸಖಿ ಬರೆಯಲಿ. ಪ್ರಶ್ನೆ ಕೇಳಲು ಪಹಣಿ ಬೇಕಿಲ್ಲ. ಕೊನೆಗಾರರೂ ಕೇಳಬಹುದು, ಗೇಣಿದಾರರೂ ಕೇಳಬಹುದು. ಕೃಷಿ, ತೋಟಗಾರಿಕೆ ಇಲಾಖೆಗಳ ಸಿಬ್ಬಂದಿ ಹದಿನೈದು ದಿನಕ್ಕೊಮ್ಮೆ ಪುಸ್ತಕವನ್ನು ನೋಡಿ ಉತ್ತರವನ್ನು ಅದರಲ್ಲೇ ಬರೆದು ಸಹಿ ಹಾಕಬೇಕು. ತಮ್ಮಿಂದಾಗದ್ದು ಕೃಷಿ ವಿಜ್ಞಾನ ಕೇಂದ್ರಕ್ಕೆ, ಅಲ್ಲಿಯೂ ಆಗದ್ದು ಸಂಶೋಧನಾ ಕೇಂದ್ರಕ್ಕೆ ಹೋಗಲಿ. 'ಈ ಪ್ರಶ್ನೆಗೆ ಸದ್ಯಕ್ಕೆ ಉತ್ತರವಿಲ್ಲ' ಎಂದು ವಿಜ್ಞಾನಿ ಬರೆದರೆ ಅದೂ ಒಂದು ಉತ್ತರವೇ. ಅಡಿಕೆಯ ಹಳದಿ ಎಲೆ ರೋಗಕ್ಕೆ ಮದ್ದಿಲ್ಲ ಎಂದು ಆರಂಭದಲ್ಲೇ ಹೀಗೆ ಸಹಿ ಹಾಕಿ ಹೇಳಿದ್ದರೆ, ಶೃಂಗೇರಿ, ಕೊಪ್ಪ ಸೀಮೆಯ ಎಷ್ಟೋ ಮನೆಗಳು ಪವಾಡದ ಪುಡಿಗಳಿಗೆ ಸುರಿದ ಹಣ ಉಳಿಯುತ್ತಿತ್ತು.

ಎರಡನೆಯದಾಗಿ, ಭೇಟಿಯ ಘಟಕ ಹೋಬಳಿಯಲ್ಲ, ಹಳ್ಳ. ಒಂದೇ ಹಳ್ಳಕ್ಕೆ ಬಸಿಯುವ ತೋಟಗಳಲ್ಲಿ ಮಳೆಯೂ ಮಂಜೂ ರೋಗವೂ ಬಹುತೇಕ ಒಂದೇ. ಎಲೆಚುಕ್ಕಿಯ ಶಿಲೀಂಧ್ರದ ಬೀಜಕಣಗಳಿಗೆ ಬೇಲಿಯ ಅರಿವಿಲ್ಲ. ಒಬ್ಬ ರೋಗದ ಸೋಗೆ ಕತ್ತರಿಸಿ ತೆಗೆದು ಪಕ್ಕದವನು ಹಾಗೆಯೇ ಬಿಟ್ಟರೆ ಇಬ್ಬರ ಶ್ರಮವೂ ವ್ಯರ್ಥ. ಆದ್ದರಿಂದ ಇಡೀ ಕಣಿವೆಯವರು ಕೂಡಿ ದಿನ ಗೊತ್ತುಮಾಡಿ ಕೆಲಸ ಮಾಡಬೇಕಾಗುತ್ತದೆ. ಇದಕ್ಕೆ ಬೇಕಾದದ್ದು ಅಂಗಳದಲ್ಲಿ ಕೂತು ಎರಡು ಮನೆಗಳ ಹಳೆಯ ಮನಸ್ತಾಪವನ್ನು ಬದಿಗಿಡಿಸಬಲ್ಲ ಮನುಷ್ಯ. ಅಂಥ ಕೆಲಸವನ್ನು ವಾಟ್ಸ್‌ಆ್ಯಪ್ ಮಾಡಲಾರದು.

ಇದನ್ನೆಲ್ಲ ಕೇಳಲು ನಮಗೆ ಹಕ್ಕಿದೆಯೇ ಎಂದು ಕೆಲವರು ಸಂಶಯಪಡಬಹುದು. 1992ರ 73ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ಹನ್ನೊಂದನೇ ಅನುಸೂಚಿಯನ್ನು ತೆರೆದು ನೋಡಿ. ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿಯಲ್ಲಿ ಮೊಟ್ಟಮೊದಲನೆಯದೇ ಕೃಷಿ, ಕೃಷಿ ವಿಸ್ತರಣೆಯೂ ಸೇರಿದಂತೆ. ನಮ್ಮ ಗ್ರಾಮಸಭೆಗಳು ಮನೆ, ರಸ್ತೆ, ಬೀದಿದೀಪಗಳಲ್ಲೇ ಮುಗಿದುಹೋಗುತ್ತವೆ. ಮಾರ್ಚಿಗೆ ಮುನ್ನ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಪ್ರಶ್ನೆ ಪುಸ್ತಕವನ್ನು ಗ್ರಾಮಸಭೆಯಲ್ಲಿ ಓದಿಸಬೇಕು. ಮಾರ್ಚಿನಲ್ಲಿ ಓದಿದರೆ ಮೇ ಕೊನೆಯ ಮೊದಲ ಸಿಂಪಡಣೆಗೆ ಮುನ್ನ ಉತ್ತರ ಬರಲು ಕಾಲಾವಕಾಶವಿರುತ್ತದೆ. ಜುಲೈಯಲ್ಲಿ ಬಂದ ಉತ್ತರ ಉದುರಿದ ಅಡಿಕೆಯನ್ನು ಮರಕ್ಕೆ ಹತ್ತಿಸುವುದಿಲ್ಲ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಮಾತು. ಕೃಷಿ, ತೋಟಗಾರಿಕೆ ಪದವಿಯ ಅಂತಿಮ ವರ್ಷದಲ್ಲಿ ಗ್ರಾಮೀಣ ಕಾರ್ಯಾನುಭವಕ್ಕೆಂದು ನೀವು ಹಳ್ಳಿಗಳಲ್ಲಿ ಉಳಿಯುತ್ತೀರಿ. ನೆಲದ ಮೇಲೆ ರಂಗೋಲಿಯಿಂದ ಊರಿನ ನಕ್ಷೆ ಬರೆಯುತ್ತೀರಿ, ವಿಧಾನ ಪ್ರಾತ್ಯಕ್ಷಿಕೆಗಳನ್ನು ಮಾಡುತ್ತೀರಿ, ದಪ್ಪನೆಯ ವರದಿ ಬರೆದು ಕಾಲೇಜಿಗೆ ಒಪ್ಪಿಸುತ್ತೀರಿ. ಆ ವರದಿಯ ಒಂದು ಪ್ರತಿ ಆ ಊರಿಗೆ ಹಿಂದಿರುಗಿದ್ದನ್ನು ನಾನು ಕಂಡದ್ದು ಕಡಿಮೆ. ಈ ಸಲ ವರದಿಯ ಬದಲು ಇಪ್ಪತ್ತು ಪ್ರಶ್ನೆಗಳನ್ನು ಹೊತ್ತು ಹೋಗಿ ನಿಮ್ಮ ಪ್ರಾಧ್ಯಾಪಕರ ಮುಂದಿಡಿ. ಉತ್ತರ ಬಂದಷ್ಟನ್ನು ನೀವೇ ಊರಿಗೆ ಬಂದು ಓದಿ ಹೇಳಿ. ಸಂಕೋಚಪಡಬೇಕಿಲ್ಲ, ಊಟ ನಮ್ಮ ಮನೆಗಳಲ್ಲೇ ಆದೀತು.

ಮೊದಲ ಪುಟಕ್ಕೆ ಪ್ರಶ್ನೆ ಸಿದ್ಧವಾಗಿಯೇ ಇದೆ. ನಮ್ಮ ಕಣಿವೆಯ ಕೊನೆಗಾರರೊಬ್ಬರು ಕೇಳಿದ್ದು. ಎಲೆಚುಕ್ಕಿ ಹಿಡಿದ ಸೋಗೆ ಕತ್ತರಿಸಿ ನಾಶ ಮಾಡಿ ಎನ್ನುತ್ತಾರೆ. ತೋಟದಲ್ಲೇ ಬಿಟ್ಟರೆ ರೋಗ ಮರಳೀತು. ಸುಟ್ಟರೆ ಬುಡಕ್ಕೆ ಹೊದಿಕೆಯಾಗಬೇಕಾದ ಸೊಪ್ಪು ಹೋಯಿತು, ಅದರ ಬದಲಿಗೆ ಬೆಟ್ಟದ ಮರ ಇನ್ನಷ್ಟು ಸವರಬೇಕು. ಸಗಣಿ ನೀರು ಹಾಕಿ ಗೊಬ್ಬರದ ಗುಂಡಿಯಲ್ಲಿ ಮುಚ್ಚಿದರೆ ಅದರ ಕಾವಿಗೆ ಚುಕ್ಕಿಯ ಬೀಜ ಸಾಯುತ್ತದೆಯೇ? ಸಾಯುವುದಾದರೆ, ಎಷ್ಟು ದಿನ ಮುಚ್ಚಿಡಬೇಕು?